ದೂರ 265 ಕಿ.ಮೀ., ವಿಮಾನ ಮಾತ್ರ ಇಲ್ಲ

ಮಂಗಳೂರಿನ ಒಂದು ಟ್ರಾವೆಲ್ ಏಜೆನ್ಸಿಯಲ್ಲಿ ಟಿಕೆಟ್ ಬುಕಿಂಗ್ ನನ್ನ ಕೆಲಸ. ಸೇರಿದ ಹೊಸದರಲ್ಲಿ ಒಂದು ಬೆಳಿಗ್ಗೆ ಹಿರಿಯರೊಬ್ಬರು ಫೋನ್ ಮಾಡಿದರು. ದನಿಯಲ್ಲೇ ಗಾಬರಿ ಇತ್ತು.

"ಧಾರವಾಡದಲ್ಲಿ ಅಕ್ಕನಿಗೆ ಹುಷಾರಿಲ್ಲ. ಹುಬ್ಬಳ್ಳಿಗೆ ವಿಮಾನದಲ್ಲಿ ಎಷ್ಟೊತ್ತು ಆಗ್ತದೆ?"

ಕಂಪ್ಯೂಟರಿನಲ್ಲಿ ಎರಡೂ ನಿಲ್ದಾಣಗಳ ಹೆಸರು ಹಾಕಿದೆ. ದೂರ ಸುಮಾರು 265 ಕಿ.ಮೀ., ಹಾರಾಟ ಮುಕ್ಕಾಲು ಗಂಟೆ ಎಂದು ಬಂತು. ಅದನ್ನೇ ಹೇಳಿಬಿಟ್ಟೆ. "ಹಾಗಾದ್ರೆ ಸಂಜೆಗೆ ಅಕ್ಕನ ಹತ್ರ ಇರ್ತೇನೆ" ಎಂದರು. ಮಧ್ಯಾಹ್ನ ಬ್ಯಾಗ್ ಸಮೇತ ಬಂದರು. ಟಿಕೆಟ್ ಮಾಡಲು ಕೂತಾಗ ನನಗೆ ಗೊತ್ತಾಯಿತು, ಆಗ ಆ ಎರಡು ಊರುಗಳ ನಡುವೆ ನೇರ ವಿಮಾನವೇ ಇರಲಿಲ್ಲ.

ನಾನು ನೋಡಿದ್ದು ಭೂಪಟದ ಮೇಲೆ ಎಳೆದ ನೇರ ಗೆರೆಯ ಲೆಕ್ಕ. ಆ ದೂರವನ್ನು ಒಂದು ವೇಗದಿಂದ ಭಾಗಿಸಿ ಸಮಯ ತೋರಿಸುತ್ತಾರೆ. ಅಲ್ಲಿ ವಿಮಾನ ಓಡುತ್ತದೋ ಇಲ್ಲವೋ, ಆ ಲೆಕ್ಕಕ್ಕೆ ಬೇಕಾಗಿಲ್ಲ. ನಿಜವಾಗಿ ಹೋಗಬೇಕಾದರೆ ಮೊದಲು ಪೂರ್ವಕ್ಕೆ ಬೆಂಗಳೂರಿಗೆ 305 ಕಿ.ಮೀ., ಅಲ್ಲಿಂದ ಮತ್ತೆ ವಾಯುವ್ಯಕ್ಕೆ 370 ಕಿ.ಮೀ. ನಡುವೆ ಮುಂದಿನ ವಿಮಾನಕ್ಕೆ ಕಾಯುವುದು ಬೇರೆ. ಆ ದಿನ ಹೊಂದಿಕೆಯಾಗುವ ವಿಮಾನ ಸಿಗಲಿಲ್ಲ. ರಾತ್ರಿ ಬಸ್ಸಿಗೆ ಸೀಟು ಮಾಡಿಕೊಟ್ಟೆ. ಅಂಕೋಲಾ, ಯಲ್ಲಾಪುರದ ಮೇಲೆ ಎಂಟೊಂಬತ್ತು ಗಂಟೆಯ ದಾರಿ. ಬೆಳಿಗ್ಗೆ ನಾನು ಸರಿಯಾಗಿ ಹೇಳಿದ್ದರೆ ಅವರು ಆಗಲೇ ಹೊರಟು, ಸಂಜೆಗೇ ಅಕ್ಕನ ಮುಂದೆ ಇರುತ್ತಿದ್ದರು. ಅವರು ಸಿಟ್ಟಾಗಲಿಲ್ಲ. ಬೆಂಚಿನ ಮೇಲೆ ಸುಮ್ನೆ ಕೂತಿದ್ದರು. ಅದು ನನಗೆ ಇನ್ನೂ ಕಷ್ಟವಾಯಿತು.

ನೇರ ವಿಮಾನ ಇದ್ದಲ್ಲೂ ಗೆರೆಯ ಲೆಕ್ಕ ಸಾಲದು. ಮಂಗಳೂರು–ಬೆಂಗಳೂರನ್ನೇ ನೋಡಿ. ಗಂಟೆಗೆ 800 ಕಿ.ಮೀ. ವೇಗದಲ್ಲಿ 305 ಕಿ.ಮೀ. ಅಂದರೆ 23 ನಿಮಿಷ. ಟಿಕೆಟ್ಟಿನಲ್ಲಿ ಮಾತ್ರ ಒಂದು ಗಂಟೆಯ ಆಸುಪಾಸು ಇರುತ್ತದೆ. ನಿಂತ ಜಾಗ ಬಿಟ್ಟಲ್ಲಿಂದ ಇನ್ನೊಂದು ಕಡೆ ಬಂದು ನಿಲ್ಲುವವರೆಗಿನ ಸಮಯ ಅದು. ಇಷ್ಟು ಹತ್ತಿರದ ದಾರಿಯಲ್ಲಿ ವಿಮಾನ ಏರುವುದರಲ್ಲಿ, ಇಳಿಯುವುದರಲ್ಲೇ ಜಾಸ್ತಿ ಹೊತ್ತು ಹೋಗುತ್ತದೆ. ಎಟಿಆರ್ ಎಂಬ ಪ್ರೊಪೆಲ್ಲರಿನ ಸಣ್ಣ ವಿಮಾನ ಆದರೆ ಪೂರ್ತಿ ವೇಗವೇ ಗಂಟೆಗೆ ಸುಮಾರು 500 ಕಿ.ಮೀ.

ಗಾಳಿಯದ್ದೂ ಒಂದು ಲೆಕ್ಕ ಇದೆ, ನನಗೆ ಬಹಳ ಇಷ್ಟವಾದ ವಿಷಯ. ವಿಮಾನ ಗಾಳಿಗೆ ಎದುರಾಗಿ ಏರುತ್ತದೆ, ಎದುರಾಗಿಯೇ ಇಳಿಯುತ್ತದೆ. ಮಳೆಗಾಲದಲ್ಲಿ ಗಾಳಿ ಪಡುವಣದಿಂದ. ಆಗ ಬೆಂಗಳೂರಿಗೆ ಹೋಗುವ ವಿಮಾನ, ಮಂಗಳೂರಿನ ನಿಲ್ದಾಣ ಇರುವ ಕೆಂಜಾರಿನ ಗುಡ್ಡದಿಂದ ಸಮುದ್ರದ ಕಡೆ ಏರಿ, ಆಮೇಲೆ ಪೂರ್ವಕ್ಕೆ ತಿರುಗಬೇಕು. ಬೆಂಗಳೂರಿನ ನಿಲ್ದಾಣ ಇರುವ ದೇವನಹಳ್ಳಿಯಲ್ಲಿ ರನ್‌ವೇಗಳು ಪೂರ್ವ–ಪಶ್ಚಿಮವಾಗಿ ಇವೆ. ಹಾಗಾಗಿ ಪಡುವಣ ಗಾಳಿಗೆ ಎದುರಾಗಿ ಇಳಿಯಲು ನಿಲ್ದಾಣ ದಾಟಿ ಮುಂದೆ ಹೋಗಿ, ತಿರುಗಿ ಬಂದು ಇಳಿಯಬೇಕು. ಎರಡೂ ತುದಿಯಲ್ಲಿ ಸುತ್ತು. ಅದೇ ಗಾಳಿಯಲ್ಲಿ ಬೆಂಗಳೂರಿನಿಂದ ಬರುವಾಗ ಈ ಎರಡೂ ತಿರುವು ಇಲ್ಲ.

ಈಗ ಯಾರಾದರೂ ಎಷ್ಟೊತ್ತು ಎಂದು ಕೇಳಿದರೆ ಮೊದಲು ಆ ದಿನದ ವಿಮಾನದ ಪಟ್ಟಿ ತೆಗೆಯುತ್ತೇನೆ. ಆಮೇಲೆ ಮನೆ ಎಲ್ಲಿ, ಎಷ್ಟು ಗಂಟೆಗೆ ಅಲ್ಲಿರಬೇಕು ಎಂದು ಕೇಳುತ್ತೇನೆ. ಬಸ್ಸೇ ಬೇಗ ಮುಟ್ಟುವುದಾದರೆ ಬಸ್ಸನ್ನೇ ಹೇಳುತ್ತೇನೆ, ನಮಗೆ ಕಮಿಷನ್ ಕಡಿಮೆಯಾದರೂ. ಹೋದ ವಾರ ಕಾರವಾರಕ್ಕೆ ಹೊರಟ ಒಬ್ಬ ಹುಡುಗಿ ಗೋವಾಕ್ಕೆ ವಿಮಾನ ಕೇಳಿದಳು. ಬೆಳಿಗ್ಗೆಯ ರೈಲಿಗೆ ಟಿಕೆಟ್ ಮಾಡಿಕೊಟ್ಟೆ.