ಅಜ್ಜನ ಪಾಲಿನ ರೊಟ್ಟಿ

ಬನದ ಹುಣ್ಣಿಮೆ ಹತ್ತಿರ ಬಂತೆಂದರೆ ನನ್ನ ಕಿವಿಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳತೊಡಗುತ್ತದೆ. ಪಟ್, ಪಟ್, ಪಟ್. ನಡುನಡುವೆ ಬಳೆ ಸದ್ದು. ಕೊಪ್ಪಳದ ಗವಿಸಿದ್ಧೇಶ್ವರನ ಜಾತ್ರೆ ನನ್ನ ಪಾಲಿಗೆ ಶುರುವಾಗುವುದೇ ಈ ಸದ್ದಿನಿಂದ. ಜಾತ್ರೆಯ ದಾಸೋಹಕ್ಕೆ ಅವನ ಮಠಕ್ಕೆ ಮನೆಮನೆಯಿಂದ ರೊಟ್ಟಿ ಹೋಗುತ್ತದೆ. ಗವಿಸಿದ್ಧೇಶ್ವರನನ್ನು ನಾವು ಅಜ್ಜ ಅಂತಲೇ ಕರೆಯುವುದು.

ನಮ್ಮ ಮನೆಯಲ್ಲಿ ಅಜ್ಜಿಗೆ ಅಮ್ಮ, ತಾಯಿಗೆ ಅವ್ವ ಅನ್ನುತ್ತಿದ್ದೆವು. ಜಾತ್ರೆಗೆ ಇನ್ನೂ ಎಂಟು ದಿನ ಇರುವಾಗಲೇ ಅಮ್ಮ ಜೋಳ ಹಸನು ಮಾಡಲು ಕೂರುತ್ತಿದ್ದಳು. ಮನೆ ಜೋಳವನ್ನು ಒಂದು ಸಲ ಕೇರಿದರೆ ಮುಗಿಯಿತು. ಮಠದ ಜೋಳಕ್ಕೆ ಎರಡು ಸಲ. ಓಣಿಯ ಹೆಂಗಸರೆಲ್ಲ ನಮ್ಮ ಪಡಸಾಲೆಗೆ ಬಂದು ಸೇರುತ್ತಿದ್ದರು. ಒಬ್ಬರು ಎಸರು ಕಾಯಿಸಿ ಹಿಟ್ಟು ನಾದುವರು, ಇಬ್ಬರು ಬಡಿಯುವರು, ಅಮ್ಮ ಹಂಚಿನ ಮುಂದೆ. ಕಾದ ರೊಟ್ಟಿಯ ಮೇಲೆ ಒದ್ದೆ ಬಟ್ಟೆ ಆಡಿಸಿದಾಗ ಏಳುವ ಹಬೆ, ಅಂಚು ಸುಟ್ಟ ವಾಸನೆ... ಇದನ್ನು ಬರೆಯುವಾಗಲೂ ಮೂಗಿಗೆ ಬರುತ್ತಿದೆ.

ನಾನಾಗ ಏಳೆಂಟು ವರ್ಷದವಳು. ಬುಟ್ಟಿಗೆ ರೊಟ್ಟಿ ಜೋಡಿಸುವ ಕೆಲಸ ನನ್ನದು. ಚೆನ್ನಾಗಿ ಉಬ್ಬಿದ ಒಂದು ರೊಟ್ಟಿಯನ್ನು ನನಗೆ ಅಂತ ಬದಿಗಿಟ್ಟುಕೊಂಡು, ಹರಿದದ್ದನ್ನು ಮಠದ ಬುಟ್ಟಿಗೆ ಹಾಕಿದೆ. ಅಮ್ಮ ನೋಡಿಬಿಟ್ಟಳು. ಬೈಯಲಿಲ್ಲ. ಸುಮ್ನೆ ಹರಿದ ರೊಟ್ಟಿ ತೆಗೆದು ನನ್ನ ಕೈಗೆ ಕೊಟ್ಟು, ಉಬ್ಬಿದ್ದನ್ನು ಬುಟ್ಟಿಗಿಟ್ಟಳು.

"ಅಜ್ಜಗ ಛಲೋದು ಕೊಡಬೇಕವಾ. ಉಳಿದಿದ್ದು ನಮಗ."

ಆಮೇಲೆ ನನ್ನ ರೊಟ್ಟಿಗೆ ಬೆಣ್ಣೆ ಸವರಿ, ಶೇಂಗಾ ಚಟ್ನಿ ಉದುರಿಸಿ ಕೊಟ್ಟಳು. ಅಷ್ಟು ರುಚಿಯ ರೊಟ್ಟಿ ನಾನು ಮತ್ತೆ ತಿಂದಿಲ್ಲ.

ಅಮ್ಮ ಶಾಲೆ ಕಂಡವಳಲ್ಲ. ಆದರೆ ಆಯ್ದಕ್ಕಿ ಲಕ್ಕಮ್ಮನ ಕತೆಯನ್ನು ಸ್ವಂತ ಅಕ್ಕನ ಕತೆಯ ಹಾಗೆ ಹೇಳುತ್ತಿದ್ದಳು. ಲಕ್ಕಮ್ಮ ನಮ್ಮ ಪಕ್ಕದ ಲಿಂಗಸುಗೂರು ಸೀಮೆಯ ಅಮರೇಶ್ವರದವಳಲ್ವಾ, ಅದಕ್ಕೇ ಆ ಸಲಿಗೆ. ಗಂಡ ಮಾರಯ್ಯ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವನು. ಅದರಲ್ಲೇ ಜಂಗಮರಿಗೆ ದಾಸೋಹ. ಒಂದು ದಿನ ಆತ ಮಾಮೂಲಿಗಿಂತ ಜಾಸ್ತಿ ಅಕ್ಕಿ ತಂದ. ಇಷ್ಟು ಅಕ್ಕಿಯನ್ನು ಈಶ್ವರ ಒಪ್ಪುವುದಿಲ್ಲ, ಹೆಚ್ಚಾದದ್ದನ್ನು ತಂದಲ್ಲೇ ಸುರಿದು ಬನ್ನಿ ಅಂತ ಲಕ್ಕಮ್ಮ ವಾಪಸ್ ಕಳಿಸಿದಳು. ದಾಸೋಹ ಮಾಡುವ ಕೈಗೂ ಆಸೆ ಅಂಟಬಹುದು. 12ನೇ ಶತಮಾನದ ಆ ಬಡ ತಾಯಿಗೆ ಅದು ಎಷ್ಟು ಚೆನ್ನಾಗಿ ಗೊತ್ತಿತ್ತು ನೋಡಿ.

ಈಗ ನಮ್ಮ ಓಣಿಯಲ್ಲೂ ಎಷ್ಟೋ ಮನೆಯವರು ರೊಟ್ಟಿ ಕೊಂಡು ತಂದು ಕೊಡುತ್ತಾರೆ. ಅದನ್ನು ತಪ್ಪು ಅನ್ನಲಾರೆ. ಹೊರಗೆ ದುಡಿಯುವ ಹೆಣ್ಮಕ್ಕಳಿಗೆ ಹೊತ್ತೆಲ್ಲಿದೆ? ನಾನೂ ಮೂರು ವರ್ಷ ಬೆಂಗಳೂರಿನಿಂದ ದುಡ್ಡು ಕಳಿಸಿ ಸುಮ್ಮನಿದ್ದವಳೇ. ಆದರೆ ಬುಟ್ಟಿ ಹಿಡಿದು ಮೊದಲು ಫೋಟೊಕ್ಕೆ ನಿಲ್ಲುವುದು, ನಿಮ್ಮ ಮನೆಯದೆಷ್ಟು ನಮ್ಮ ಮನೆಯದೆಷ್ಟು ಅಂತ ಲೆಕ್ಕ ಹಾಕುವುದು ಕಂಡಾಗ ಸಂಕಟವಾಗುತ್ತದೆ. ಅಜ್ಜ ಯಾವತ್ತು ಲೆಕ್ಕ ಕೇಳಿದ್ದ?

2025ರ ಜನವರಿ 15ಕ್ಕೆ ತೇರು. ಆ ಸಲ ಊರಿಗೆ ಹೋದೆ. ಅಮ್ಮ ಇರಲಿಲ್ಲ. ಅವಳ ಹಂಚು ಇತ್ತು. ಅವ್ವನ ಜೊತೆ ಕೂತು ಬಡಿದೆ. ರೂಢಿ ತಪ್ಪಿದ ಕೈ, ಅಂಗೈ ಕೆಂಪಾಯಿತು. ಆದರೂ ಒಂದು ಬುಟ್ಟಿ ತುಂಬಿತು. ಅಂಚು ಹರಿದವನ್ನೆಲ್ಲ ಮನೆಗೇ ಇಟ್ಟುಕೊಂಡೆವು.

ಮಠದಲ್ಲಿ ನೋಡಿದರೆ ರೊಟ್ಟಿಯ ಗೋಡೆಯೇ ಎದ್ದಿತ್ತು. ಯಾವ್ಯಾವುದೋ ಊರಿನಿಂದ ಟ್ರ್ಯಾಕ್ಟರ್‌ಗಟ್ಟಲೆ ರೊಟ್ಟಿ, ಮಾದಲಿ, ದವಸ. ನಮ್ಮ ಬುಟ್ಟಿಯ ರೊಟ್ಟಿಗಳನ್ನು ಅದರ ಜೊತೆ ಒಟ್ಟಿದರು. ತಿರುಗಿ ನೋಡಿದೆ. ನಾನು ಬಡಿದದ್ದು ಯಾವುದು, ಬೇರೆಯವರದು ಯಾವುದು, ಗುರುತೇ ಸಿಗಲಿಲ್ಲ. ಕಣ್ಣು ತುಂಬಿ ಬಂತು. ಎಷ್ಟು ಹಗುರ ಅನಿಸಿತೆಂದರೆ, ಹೇಳಲು ಬಾರದು.

ಮಧ್ಯಾಹ್ನ ಬಡಿಸಲು ನಿಂತೆ. ಒಬ್ಬ ವಯಸ್ಸಾದ ಯಜಮಾನರು ತಟ್ಟೆ ಹಿಡಿದು ಬಂದರು. ಧೂಳು ಮೆತ್ತಿದ ಕಾಲು, ನಡೆದೇ ಬಂದಿರಬೇಕು. ಎರಡು ರೊಟ್ಟಿ ಹಾಕಿದೆ. ಅವರು ಒಂದನ್ನು ತೆಗೆದು, ಹಣೆಗೆ ಒತ್ತಿಕೊಂಡು, ವಾಪಸ್ ನನ್ನ ಬುಟ್ಟಿಗಿಟ್ಟರು.

"ಒಂದ ಸಾಕವಾ. ಹಿಂದ ಭಾಳ ಮಂದಿ ಅದಾರ."