‘ಚಾರ್ಮಿನಾರ್ ವ್ಯೂ’ ರೂಮಿಗೆ ದುಡ್ಡು ಸುರಿಯಬೇಡಿ: ಫೋಟೋಗೆಂದು ಹೋಗುವವರಿಗೆ ಒಂದಿಷ್ಟು ಮಾತು

ಆ್ಯಪಿನಲ್ಲಿ ಬರೆದಿದ್ದು ‘ಚಾರ್ಮಿನಾರ್ ವ್ಯೂ ಡಿಲಕ್ಸ್’. ಹಾಕಿದ್ದ ಫೋಟೋದಲ್ಲಿ ಕಿಟಕಿ ತುಂಬ ಚಾರ್ಮಿನಾರ್, ಮುಂದೆ ಎರಡು ಕಪ್ ಚಹಾ. ನಾವು ರೂಮಿಗೆ ಹೋಗಿ ಪರದೆ ಸರಿಸಿದರೆ ಎದುರಿಗೆ ಇನ್ನೊಂದು ಕಟ್ಟಡದ ಹಿಂಗೋಡೆ. ಅದರ ಮೇಲೆ ಮೂರು ಎ.ಸಿ. ಡಬ್ಬಿ, ಒಣಹಾಕಿದ ಒಂದು ಲುಂಗಿ.

ಕೆಳಗೆ ಹೋಗಿ ಕೇಳಿದೆ. ಕೌಂಟರಿನ ಹುಡುಗ ಸ್ವಲ್ಪವೂ ನಾಚಿಕೊಳ್ಳದೆ ನಮ್ಮ ಜೊತೆ ಮೇಲೆ ಬಂದ. ಬಾತ್‌ರೂಮಿನ ಬಾಗಿಲು ತೆಗೆದ. ಕಮೋಡಿನ ಮುಚ್ಚಳ ಹಾಕಿ, “ಇದರ ಮೇಲೆ ನಿಂತು ನೋಡಿ ಮೇಡಂ” ಎಂದ. ನಿಂತು ನೋಡಿದೆ. ವೆಂಟಿಲೇಟರಿನ ಗಾಜಿನ ಪಟ್ಟಿಗಳ ಸಂದಿಯಲ್ಲಿ ಒಂದು ಮಿನಾರಿನ ತುದಿ ಕಂಡಿತು. ನಾಲ್ಕರಲ್ಲಿ ಒಂದು. ಆ ರೂಮಿಗೆ ರಾತ್ರಿಗೆ 3,200 ರೂಪಾಯಿ. ಅದೇ ಮಹಡಿಯ ‘ವ್ಯೂ’ ಇಲ್ಲದ ರೂಮಿಗೆ 1,900. ಅಂದರೆ ಆ ತುದಿಯೊಂದಕ್ಕೇ 1,300.

“ಒಂದು ಮಿನಾರಿಗೆ 1,300. ನಾಲ್ಕೂ ಕಂಡಿದ್ದರೆ 5,200 ಆಗ್ತಿತ್ತು ಅಕ್ಕಾ, ಉಳೀತು ಬಿಡು” ಅಂದ ನನ್ನ ತಮ್ಮ. ಎರಡು ರಾತ್ರಿಯ ದುಡ್ಡು ಮೊದಲೇ ಕಟ್ಟಿದ್ದೆವು, ವಾಪಸ್ ಬರಲಿಲ್ಲ.

ಈ ಸಿಟ್ಟಿಗೇ ಬರೆಯಲು ಕೂತಿದ್ದೇನೆ. ನಾವು ಕಲಬುರಗಿಯವರು. ಹೈದರಾಬಾದ್ ನಮಗೆ ದೂರದ ಊರೇನಲ್ಲ. ಮದುವೆ ಜವಳಿಗೆ, ದವಾಖಾನೆಗೆ ಹೋಗಿ ಬಂದಿದ್ದೇ ಬಂದಿದ್ದು. ಆದರೆ ಫೋಟೋಗೋಸ್ಕರವೇ ಹೋಗಿದ್ದು ಇದೇ ಮೊದಲು. ತಮ್ಮನ ಹತ್ತಿರ ಹೊಸ ಕ್ಯಾಮೆರಾ, ನನ್ನ ಹತ್ತಿರ ಹಳೇ ಮೊಬೈಲ್. ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನನಗೆ ಜನಜಂಗುಳಿ ಅಂದರೆ ಆಗುವುದಿಲ್ಲ. ಭುಜಕ್ಕೆ ಭುಜ ತಾಗಿದರೆ ತಲೆನೋವು ಶುರು. ಹಾಗಾಗಿ ನನ್ನ ಸಲಹೆಯೆಲ್ಲ ಬೆಳಗಿನ ಕಡೆಗೇ ವಾಲುತ್ತದೆ. ರಂಜಾನ್ ತಿಂಗಳ ರಾತ್ರಿ ಬಜಾರಿನ ಗದ್ದಲವೇ ಫೋಟೋಗೆ ಚೆನ್ನ ಅನ್ನುವವರಿದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ, ನಾನಂತೂ ಹೋಗಲಾರೆ.

ಮೊದಲ ದಿನ ಸಂಜೆ ಎಲ್ಲರಂತೆ ನಾವೂ ಉತ್ತರದ ಕಡೆ ಹೋದೆವು, ಗುಲ್ಜಾರ್ ಹೌಜ್‌ಗೆ. ಅದೊಂದು ಹಳೇ ಕಾರಂಜಿ. ಅದರ ನಾಲ್ಕು ದಿಕ್ಕಿಗೂ ಒಂದೊಂದು ದೊಡ್ಡ ಕಮಾನು ಇದೆ, ಅದಕ್ಕೇ ಆ ಜಾಗಕ್ಕೆ ಚಾರ್ ಕಮಾನ್ ಎಂದು ಹೆಸರು. ದಕ್ಷಿಣದ ಕಮಾನಿನೊಳಗಿಂದ ನೋಡಿದರೆ ಚಾರ್ಮಿನಾರ್ ಕಟ್ಟು ಹಾಕಿಸಿದ ಪಟದಂತೆ ಕೂತಿರುತ್ತದೆ. ಯಾರ ಮೊಬೈಲ್ ತೆಗೆದರೂ ಈ ಫೋಟೋ ಇದ್ದೇ ಇರುತ್ತದೆ.

ನಮಗೆ ಅಲ್ಲಿ ಸಿಕ್ಕಿದ್ದು ಒಂದು ಕಪ್ಪು ನೆರಳು, ಸುತ್ತ ಬಿಳಚಿಕೊಂಡ ಆಕಾಶ, ಕೆಳಗೆ ನೂರಾರು ತಲೆ. ತಮ್ಮ ಅರ್ಧ ಗಂಟೆ ಬಟನ್ ಒತ್ತಿ ಸುಸ್ತಾದ. ತಪ್ಪು ಕ್ಯಾಮೆರಾದ್ದಲ್ಲ ಎಂದು ರಾತ್ರಿ ರೂಮಿನಲ್ಲಿ ಕೂತು ಯೋಚಿಸಿದಾಗ ಹೊಳೆಯಿತು. ನಾವು ಹೋಗಿದ್ದು ಡಿಸೆಂಬರ್. ಚಳಿಗಾಲದಲ್ಲಿ ಸೂರ್ಯ ದಿನವಿಡೀ ದಕ್ಷಿಣಕ್ಕೆ ವಾಲಿಕೊಂಡೇ ಸಾಗುತ್ತಾನೆ. ಚಾರ್ಮಿನಾರಿನ ಉತ್ತರದ ಮುಖಕ್ಕೆ ಬೆಳಗಿನಿಂದ ಸಂಜೆವರೆಗೆ ನೇರ ಬಿಸಿಲೇ ಬೀಳುವುದಿಲ್ಲ. ಆ ಕಡೆಯಿಂದ ಯಾವ ಹೊತ್ತಿಗೆ ತೆಗೆದರೂ ಬೆಳಕು ನಿಮ್ಮ ಕಣ್ಣಿಗೇ ಹೊಡೆಯುತ್ತದೆ. ಮೇ, ಜೂನ್ ತಿಂಗಳಲ್ಲಾದರೆ ಮುಂಜಾನೆ, ಸಂಜೆ ಅಲ್ಲಿಗೂ ಸ್ವಲ್ಪ ಬಿಸಿಲು ಬರುತ್ತದೆ. ಆದರೆ ಆ ಸೆಕೆಯಲ್ಲಿ ಹೈದರಾಬಾದಿಗೆ ಯಾರು ಹೋಗುತ್ತಾರೆ?

ಇಲ್ಲೇ ನಮಗೆ ಒಂದು ಉಪಾಯ ಸಿಕ್ಕಿತು. ಚಾರ್ಮಿನಾರ್ ಚೌಕಾಕಾರದ ಕಟ್ಟಡ. ನಾಲ್ಕು ದಿಕ್ಕಿಗೆ ನಾಲ್ಕು ಕಮಾನು, ನಾಲ್ಕೂ ಮುಖ ಹೆಚ್ಚುಕಮ್ಮಿ ಒಂದೇ ಥರ. 1889ರಲ್ಲಿ ಗಡಿಯಾರ ಕೂರಿಸಿದಾಗಲೂ ನಾಲ್ಕೂ ಕಡೆ ಕೂರಿಸಿದರು. ತಾಜ್‌ಮಹಲಿಗೆ ಇರುವ ಹಾಗೆ ಇದಕ್ಕೆ ‘ಮುಂಭಾಗ’ ಅಂತೊಂದು ಇಲ್ಲ. ಹಾಗಿದ್ದ ಮೇಲೆ ಎಲ್ಲರೂ ನಿಲ್ಲುವ ಜಾಗದಲ್ಲೇ ನಾವೂ ಯಾಕೆ ನಿಲ್ಲಬೇಕು? ಬಿಸಿಲು ಯಾವ ಮುಖಕ್ಕೆ ಬಿದ್ದಿದೆಯೋ ಆ ಕಡೆ ನಿಂತರಾಯಿತು. ಚಳಿಗಾಲದ ಬೆಳಿಗ್ಗೆ ಪೂರ್ವ, ದಕ್ಷಿಣ. ಸಂಜೆ ಪಶ್ಚಿಮ, ದಕ್ಷಿಣ. ಗುಲ್ಜಾರ್ ಹೌಜ್ ಬೇಕೇ ಬೇಕು ಅಂದರೆ ಸೂರ್ಯ ಮುಳುಗಿದ ಮೇಲೆ, ದೀಪ ಹಾಕಿ ಆಕಾಶ ಇನ್ನೂ ನೀಲಿ ಇರುವ ಹೊತ್ತಿಗೆ ಹೋಗಿ. ಆ ಹೊತ್ತು ಹದಿನೈದು, ಇಪ್ಪತ್ತು ನಿಮಿಷ ಅಷ್ಟೇ. ಜನ ಮಾತ್ರ ಕಮ್ಮಿ ಆಗುವುದಿಲ್ಲ.

ಮರುದಿನ ಬೆಳಿಗ್ಗೆ ಆರೂಕಾಲಿಗೆ ಹೊರಗೆ ಬಿದ್ದೆವು. ಅಯ್ಯೋ, ಅದು ಬೇರೆಯೇ ಊರು! ಹಿಂದಿನ ಸಂಜೆ ಕಾಲಿಡಲು ಜಾಗವಿರದಿದ್ದ ಕಡೆ ಪಾರಿವಾಳಗಳು ಕಾಳು ಹೆಕ್ಕುತ್ತಿದ್ದವು. ಚಾರ್ಮಿನಾರಿನ ಸುತ್ತ ಈಗ ಗಾಡಿ ಬಿಡುವುದಿಲ್ಲ, ನೆಲಕ್ಕೆ ಕಲ್ಲು ಹಾಸಿದ್ದಾರೆ. ಸರ್ದಾರ್ ಮಹಲ್ ಕಡೆಗೆ ಹೋಗುವ ಪೂರ್ವದ ರಸ್ತೆಯಲ್ಲಿ ನಿಂತರೆ ಸೂರ್ಯ ಬೆನ್ನಿಗೆ. ಆರೂಮುಕ್ಕಾಲು, ಏಳರ ಹೊತ್ತಿಗೆ ಮೊದಲ ಬಿಸಿಲು ಮಿನಾರುಗಳ ತುದಿಗೆ ತಾಗಿ, ನಿಧಾನಕ್ಕೆ ಕೆಳಗೆ ಇಳಿಯುತ್ತದೆ. 1591ರಲ್ಲಿ ಕಟ್ಟಿದ ಆ ಗಾರೆಗೆ ಆಗ ಬರುವ ಬಣ್ಣ ಕೆನೆ ಕಟ್ಟಿದ ಹಾಲಿನದು. ಮಧ್ಯಾಹ್ನದ ಫೋಟೋದಲ್ಲಿ ಅದೇ ಗಾರೆ ಬರೀ ಬೂದು.

ಒಂದು ಅಂಗಡಿಯವರು ಬಾಗಿಲು ತೆಗೆದು ಮುಂದಿನ ಕಲ್ಲಿಗೆ ಒಂದು ಬಕೆಟ್ ನೀರು ಸುರಿದರು. ಆ ನೀರಿನಲ್ಲಿ ಇಡೀ ಚಾರ್ಮಿನಾರ್ ತಲೆಕೆಳಗಾಗಿ ನಿಂತಿತು. ತಮ್ಮ ಅಂಗಾತ, ಬೋರಲು, ಎಲ್ಲ ಥರ ಮಲಗಿ ಫೋಟೋ ತೆಗೆದ. ಅಂಗಡಿಯವರು ನಗುತ್ತ ಇನ್ನೊಂದು ಬಕೆಟ್ ಸುರಿದರು. ಮಳೆಗಾಲದಲ್ಲಿ ಹೋಗುವವರಿಗೆ ಇದು ಪುಕ್ಕಟೆ ಸಿಗುತ್ತದೆ. ಮೊಬೈಲನ್ನು ತಲೆಕೆಳಗು ಮಾಡಿ ಲೆನ್ಸ್ ನೆಲಕ್ಕೆ ತಾಗುವಷ್ಟು ಇಳಿಸಿ ತೆಗೆಯಿರಿ.

ಮೊಬೈಲಿನವರಿಗೆ ಇನ್ನೊಂದು ಮಾತು. ಹತ್ತಿರ ನಿಂತು ವೈಡ್ ಹಾಕಿ ತೆಗೆದರೆ ಮಿನಾರುಗಳೆಲ್ಲ ಒಳಕ್ಕೆ ವಾಲಿ, ಕಟ್ಟಡ ಹಿಂದಕ್ಕೆ ಬೀಳುತ್ತಿರುವಂತೆ ಕಾಣುತ್ತದೆ. ಸುಮಾರು 50 ಮೀಟರ್ ಎತ್ತರದ ಕಟ್ಟಡ, ಬುಡದಲ್ಲಿ ನಿಂತರೆ ಹಾಗೇ ಆಗುವುದು. ರಸ್ತೆಯಲ್ಲಿ ಹಿಂದೆ ಹಿಂದೆ ನಡೆದು, 2x ಝೂಮ್ ಹಾಕಿ ತೆಗೆಯಿರಿ. ಬೆಳಿಗ್ಗೆಯಾದರೆ ಹಿಂದೆ ನಡೆಯಲು ಜಾಗವಾದರೂ ಇರುತ್ತದೆ.

ಈಗ ಚಹಾದ ವಿಷಯ. ಇದನ್ನು ಚಿಕ್ಕದಾಗಿ ಮುಗಿಸಲು ನನಗೆ ಮನಸ್ಸಿಲ್ಲ.

ಮೆಕ್ಕಾ ಮಸೀದಿಯ ಪಕ್ಕ, ಚಾರ್ಮಿನಾರ್ ಎದುರಿಗೇ ನಿಮ್ರಾ ಕೆಫೆ ಇದೆ. ಹೊಸದಾಗಿ ಹೇಳಬೇಕಾದ ಹೆಸರೇನಲ್ಲ, ಹೈದರಾಬಾದಿಗೆ ಹೋದವರೆಲ್ಲ ಹೇಳುತ್ತಾರೆ. ಅದಕ್ಕೇ ನನಗೆ ಅನುಮಾನ ಇತ್ತು. ಬೆಳಗಿನ ಜಾವವೇ ಬಾಗಿಲು ತೆಗೆದಿರುತ್ತದೆ. ನಾವು ಏಳೂಕಾಲಿಗೆ ಹೋದಾಗ ಕೆಲಸಕ್ಕೆ ಹೊರಟವರು, ನಮಾಜ್ ಮುಗಿಸಿ ಬಂದವರು, ರಾತ್ರಿಪಾಳಿ ಮುಗಿಸಿದ ಆಟೋದವರು ನಿಂತುಕೊಂಡೇ ಕುಡಿಯುತ್ತಿದ್ದರು. ಇರಾನಿ ಚಹಾ ನಮ್ಮ ಮನೆಯ ಚಹಾದಂತೆ ಎಲ್ಲ ಒಟ್ಟಿಗೆ ಹಾಕಿ ಕುದಿಸುವುದಲ್ಲ. ಡಿಕಾಕ್ಷನ್ ಒಂದು ಕಡೆ ಮುಚ್ಚಿಟ್ಟು ಕುದಿಯುತ್ತಿರುತ್ತದೆ, ಹಾಲು ಇನ್ನೊಂದು ಕಡೆ ಗಟ್ಟಿಯಾಗುತ್ತಿರುತ್ತದೆ. ಕಪ್ಪಿಗೆ ಹಾಕುವಾಗಲೇ ಎರಡರ ಭೇಟಿ. ಹಾಲು ಜಾಸ್ತಿ ಬೇಕಾದರೆ ‘ಪೌನಾ’ ಎಂದು ಕೇಳಬೇಕು. ಶುಂಠಿ ಇಲ್ಲ, ಏಲಕ್ಕಿ ಇಲ್ಲ, ಆದರೂ ಮೊದಲ ಗುಟುಕಿಗೇ ನಿದ್ದೆ ಹಾರಿಹೋಯಿತು. ಜೊತೆಗೆ ಉಸ್ಮಾನಿಯಾ ಬಿಸ್ಕತ್ತು, ಕೊನೆಯ ನಿಜಾಮ ಉಸ್ಮಾನ್ ಅಲಿ ಖಾನರ ಹೆಸರಿನದು. ಸಿಹಿ ಒಂದಿಷ್ಟು, ಉಪ್ಪು ಒಂದಿಷ್ಟು, ಬಾಯಲ್ಲಿಟ್ಟರೆ ಪುಡಿ. ಒಲೆಯಿಂದ ಆಗ ತಾನೇ ಬಂದ ತಟ್ಟೆಯಿಂದ ಎತ್ತಿಕೊಟ್ಟರು, ಕೈ ಸುಡುತ್ತಿತ್ತು. ನಾನು ನಾಲ್ಕು ತಿಂದೆ. ಆರು ಅಂತ ತಮ್ಮ ಹೇಳುತ್ತಾನೆ.

ಆಮೇಲೆ ಗಮನಿಸಿದೆ. ಕಪ್ಪು ಹಿಡಿದು ತಿರುಗಿ ನಿಂತರೆ ಎದುರಿಗೆ ಪೂರ್ತಿ ಚಾರ್ಮಿನಾರ್. ಒಂದು ಮುಖಕ್ಕೆ ಬಿಸಿಲು, ಇನ್ನೊಂದು ಮುಖಕ್ಕೆ ನೆರಳು, ನಾಲ್ಕೂ ಮಿನಾರಿನ ಸಮೇತ. ಹೋಟೆಲಿನವರು ಆ್ಯಪಿನಲ್ಲಿ ಹಾಕಿದ್ದ ಫೋಟೋ ಥೇಟ್ ಇದೇ! ಎರಡು ಕಪ್, ಹಿಂದೆ ಚಾರ್ಮಿನಾರ್. ಎರಡು ಚಹಾದ ದುಡ್ಡಿಗೆ ಸಿಗುವುದನ್ನು ನಾವು 3,200 ಕೊಟ್ಟು ಹುಡುಕಿದ್ದೆವು. ಇಡೀ ಪ್ರವಾಸದಲ್ಲಿ ನನಗೆ ಇಷ್ಟವಾದ ಫೋಟೋ ನನ್ನ ಹಳೇ ಮೊಬೈಲಿನಲ್ಲಿ, ಇಲ್ಲಿಂದ ತೆಗೆದದ್ದು. ತಮ್ಮನಿಗೆ ಇದನ್ನು ಜ್ಞಾಪಿಸುತ್ತಲೇ ಇರುತ್ತೇನೆ.

ಮೆಕ್ಕಾ ಮಸೀದಿಯ ಅಂಗಳದಿಂದಲೂ ಮಿನಾರುಗಳು ಚೆನ್ನಾಗಿ ಕಾಣುತ್ತವೆ, ಪಾರಿವಾಳಗಳು ಎದ್ದಾಗ ಇನ್ನೂ ಚೆಂದ. ಮೈ ಮುಚ್ಚುವ ಬಟ್ಟೆ ಹಾಕಿಕೊಂಡು ಹೋಗಿ. ಪ್ರಾರ್ಥನೆ ಮಾಡುವವರ ಮುಖಕ್ಕೆ ಕ್ಯಾಮೆರಾ ಹಿಡಿಯಬೇಡಿ. ಶುಕ್ರವಾರ ಮಧ್ಯಾಹ್ನ ಸುತ್ತಮುತ್ತ ಭಾರಿ ಜನ, ಆವತ್ತು ಆ ಕಡೆ ಹೋಗದಿರುವುದೇ ಒಳ್ಳೆಯದು.

ಚಾರ್ಮಿನಾರ್ ಹತ್ತಬೇಕೇ? ಹತ್ತಿ. ಆದರೆ ಒಂದು ತಿಳಿದುಕೊಂಡು ಹತ್ತಿ: ಮೇಲೆ ಹೋದ ಮೇಲೆ ಫೋಟೋದಲ್ಲಿ ಚಾರ್ಮಿನಾರೇ ಇರುವುದಿಲ್ಲ. ಹೇಳಿದರೆ ನಗು ಬರುತ್ತದೆ, ಆದರೆ ನಮಗೆ ಹತ್ತಿದ ಮೇಲೇ ಗೊತ್ತಾಗಿದ್ದು. ಸುರುಳಿ ಮೆಟ್ಟಿಲು, ಕತ್ತಲು, ಇಳಿಯುವವರೂ ಹತ್ತುವವರೂ ಗೋಡೆಗೆ ಒತ್ತಿಕೊಂಡೇ ದಾಟಬೇಕು. ನನಗೆ ಅರ್ಧಕ್ಕೇ ಉಸಿರು ಕಟ್ಟಿತು. ಮೊದಲ ಅಂತಸ್ತಿಗಷ್ಟೇ ಬಿಟ್ಟರು. ಅಲ್ಲಿಂದ ನಾಲ್ಕು ರಸ್ತೆಗಳೂ ಅಂಗೈ ಮೇಲೆ ಬಂದಂತೆ ಕಾಣುತ್ತವೆ, ಮೆಕ್ಕಾ ಮಸೀದಿ ಇನ್ನೂ ಚೆನ್ನಾಗಿ ಕಾಣುತ್ತದೆ. ಕೆಳಗೆ ನಟ್ಟನಡುವೆ ನಿಂತು ಕತ್ತೆತ್ತಿ ಛಾವಣಿಯ ಗಾರೆ ಕೆಲಸದ ಫೋಟೋ ತೆಗೆಯಲು ಮರೆಯಬೇಡಿ, ಟಿಕೆಟಿನ ದುಡ್ಡು ಅಲ್ಲೇ ಬಂತು. ಟ್ರೈಪಾಡ್ ಒಯ್ಯಬೇಡಿ. ಅದಕ್ಕೆ ಪುರಾತತ್ವ ಇಲಾಖೆಯ ಬೇರೆ ಅನುಮತಿ ಬೇಕು. ತಮ್ಮನದನ್ನು ಬಾಗಿಲಲ್ಲೇ ಇರಿಸಿಕೊಂಡರು.

ಎರಡನೇ ಸಲ ಮೋಸ ಹೋಗಿದ್ದು ಮಹಡಿಯ ಮೇಲೆ. ಲಾಡ್ ಬಜಾರಿನ ಬಾಯಲ್ಲಿ ಒಬ್ಬ ಹುಡುಗ “ಟೆರೇಸ್ ಪೆ ಫೋಟೋ ಪಾಯಿಂಟ್ ಹೈ” ಎಂದು ಹಿಂದೆ ಬಿದ್ದ. ನಾನು ನಮ್ಮ ಕಲಬುರಗಿಯ ದಖನಿ ಉರ್ದುವಿನಲ್ಲೇ “ನಕ್ಕೋ” ಅಂದೆ, ಬೇಡ ಅಂತ. ಅವನು ಖುಷಿಯಾಗಿ ಇನ್ನೂ ಹತ್ತಿರ ಬಂದ. ಭಾಷೆ ಒಂದೇ ಆದರೆ ರೇಟ್ ಕಮ್ಮಿ ಆಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ, ತಲೆಗೆ 100 ರೂಪಾಯಿ. ಮೇಲೆ ಹೋದರೆ ನೀರಿನ ಟ್ಯಾಂಕು, ಕೇಬಲ್ ವೈರಿನ ಬಲೆ, ಅದರ ಹಿಂದೆ ಮೂರೂವರೆ ಮಿನಾರ್. ದುಡ್ಡು ಕೊಡುವ ಮೊದಲು, ಮೇಲಿಂದ ಈಗ ತೆಗೆದ ಫೋಟೋ ತೋರಿಸು ಎಂದು ಕೇಳಿ. ತೋರಿಸದಿದ್ದರೆ ಹತ್ತಬೇಡಿ.

ಲಾಡ್ ಬಜಾರ್ ಪಶ್ಚಿಮಕ್ಕಿದೆ. ಅರಗಿನ ಬಳೆಗಳ ಬೀದಿ. ಸಂಜೆ ನಾಲ್ಕೂವರೆ, ಐದಕ್ಕೆ ಆ ಬೀದಿಯಿಂದ ನೋಡಿದರೆ ಚಾರ್ಮಿನಾರಿನ ಪಶ್ಚಿಮದ ಮುಖ ಹೊನ್ನಿನಂತೆ ಹೊಳೆಯುತ್ತಿರುತ್ತದೆ, ಎರಡೂ ಬದಿ ಬಳೆ ಅಂಗಡಿಯ ದೀಪ. ಜನ ವಿಪರೀತ. ನಾನು ಹತ್ತು ನಿಮಿಷಕ್ಕೆ ಹೊರಗೆ ಓಡಿ ಬಂದೆ, ತಮ್ಮ ಒಂದು ಗಂಟೆ ಇದ್ದ. ಅವನ ಫೋಟೋ ನೋಡಿದ ಮೇಲೆ ಒಪ್ಪಿಕೊಳ್ಳಲೇಬೇಕು, ಸಂಜೆಯ ಜಾಗ ಅದೇ. ಮೊಬೈಲ್ ಅಡ್ಡ ಹಿಡಿಯಬೇಡಿ, ಉದ್ದಕ್ಕೆ ಹಿಡಿಯಿರಿ, ಜನರ ತಲೆ ಕೆಳಗೇ ಉಳಿಯುತ್ತದೆ. ಬಳೆಯ ಫೋಟೋಗೆ ಮೊದಲು ಅಂಗಡಿಯವರನ್ನು ಕೇಳಿ. ಅರ್ಧ ಡಜನ್ ಕೊಂಡರೆ ಅವರೇ ದೀಪ ಸರಿ ಮಾಡಿ ಕೊಡುತ್ತಾರೆ.

ಉಳಿಯುವುದು ಎಲ್ಲಿ ಅಂತ ಕೇಳಿದರೆ, ನಾಂಪಲ್ಲಿ ಸ್ಟೇಷನ್ ಹತ್ತಿರ. ನಮ್ಮ ಕಡೆಯಿಂದ ಬರುವವರಿಗೆ ಇಳಿದ ಕೂಡಲೇ ರೂಮು. ಹಗಲಿಗೆ ಮೆಟ್ರೋದಲ್ಲಿ ಎಂಜಿಬಿಎಸ್‌ಗೆ, ಅಂದರೆ ಮಹಾತ್ಮ ಗಾಂಧಿ ಬಸ್ ನಿಲ್ದಾಣಕ್ಕೆ ಹೋದರೆ ಅಲ್ಲಿಂದ ಚಾರ್ಮಿನಾರ್ ಸುಮಾರು ಎರಡು ಕಿಲೋಮೀಟರ್. ಬೆಳಗಿನ ಫೋಟೋಗೆ ಮಾತ್ರ ಮೆಟ್ರೋ ನಂಬಬೇಡಿ, ಅದು ಶುರುವಾಗಿ ನೀವು ತಲುಪುವಷ್ಟರಲ್ಲಿ ತಡವಾಗಬಹುದು. ರಾತ್ರಿಯೇ ಆಟೋ ಗೊತ್ತು ಮಾಡಿಕೊಳ್ಳಿ, ರೇಟ್ ಮಾತಾಡಿಕೊಂಡೇ ಹತ್ತಿ.

ಮೂರನೇ ದಿನ ಗೋಲ್ಕೊಂಡಕ್ಕೂ ಹೋಗಿದ್ದೆವು. ಅದನ್ನು ಇಲ್ಲಿ ಬರೆಯುವುದಿಲ್ಲ. ವಾಪಸ್ ರೈಲು ಹತ್ತುವ ಮೊದಲು ತಮ್ಮನನ್ನು ಓಡಿಸಿ ಮತ್ತೆ ಎರಡು ಡಬ್ಬಿ ಉಸ್ಮಾನಿಯಾ ತರಿಸಿದೆ, ಮನೆಯವರಿಗೆಂದು. ತಾಂಡೂರು ದಾಟುವಷ್ಟರಲ್ಲಿ ಒಂದು ಡಬ್ಬಿ ಖಾಲಿ. ಇನ್ನೊಂದನ್ನು ಬ್ಯಾಗಿನ ತಳಕ್ಕೆ ಹಾಕಿ, ಮೇಲೆ ಅವನ ಟ್ರೈಪಾಡ್ ಇಟ್ಟೆ.