ಹಳೆ ಸಿಸ್ಟಂನಲ್ಲಿ ಪರದೆ ಬರೆಯೋದು ಯಾರು?

ಹಳೆ ಪಿಸಿ ನಿಧಾನ ಆಯ್ತು ಅಂದರೆ ಎಲ್ಲರ ಬಾಯಲ್ಲೂ ಬರೋದು ಒಂದೇ ಮಾತು: ‘ರ‍್ಯಾಮ್ ಹಾಕಿಸ್ರಿ.’ ಕಲಬುರಗಿಯ ಒಂದು ಕಾಲೇಜಿನಲ್ಲಿ ಲ್ಯಾಬ್ ನೋಡಿಕೊಳ್ಳುವ ನಾನೂ ಅದನ್ನೇ ಹೇಳುತ್ತಿದ್ದೆ. ಏಪ್ರಿಲ್‌ನ ಒಂದು ಪ್ರಾಕ್ಟಿಕಲ್ ಪರೀಕ್ಷೆ ಆದ ಮೇಲೆ ಬಿಟ್ಟಿದ್ದೇನೆ.

ನಮ್ಮ ಸಿಸ್ಟಂಗಳು ಕೋರ್ 2 ಡ್ಯುಯೋ ಕಾಲದವು. 2 ಜಿಬಿ ರ‍್ಯಾಮ್, ಅಗ್ಗದ ಮದರ್‌ಬೋರ್ಡ್, ಬೋರ್ಡಿನಲ್ಲೇ ಇರುವ ಗ್ರಾಫಿಕ್ಸ್, 17 ಇಂಚಿನ ಮಾನಿಟರ್. ಜನವರಿ 2020ಕ್ಕೆ ವಿಂಡೋಸ್ 7ಕ್ಕೆ ಅಪ್‌ಡೇಟ್ ನಿಂತಿತು. ಹೊಸ ಪಿಸಿಗೆ ದುಡ್ಡಿಲ್ಲ, ಲಿನಕ್ಸ್ ಹಾಕಿ ಅಂತ ಮೇಲಿನಿಂದ ಹೇಳಿಕಳಿಸಿದರು. ಅದು ಸರಿಯಾದ ಮಾತೇ. ಆದರೆ ಯಾವ ಡೆಸ್ಕ್‌ಟಾಪ್ (ಮೆನು, ವಿಂಡೋ ಎಲ್ಲ ತೋರಿಸುವ ಪ್ರೋಗ್ರಾಂ) ಇರಬೇಕು ಅನ್ನೋದನ್ನೂ ಅವರೇ ತೀರ್ಮಾನಿಸಿದರು. ಯಾರದೋ ಹೊಸ ಲ್ಯಾಪ್‌ಟಾಪ್‌ನಲ್ಲಿ ಗ್ನೋಮ್ ಅನ್ನೋ ಡೆಸ್ಕ್‌ಟಾಪ್ ನೋಡಿದ್ದರು, ಚೆಂದ ಕಂಡಿತ್ತು. ಆಫೀಸಿನ ಹೊಸ ಸಿಸ್ಟಂನಲ್ಲಿ ಹಾಕಿ ನೋಡಿದೆವು, ಚೆನ್ನಾಗಿ ಓಡಿತು. ಲ್ಯಾಬಿನಲ್ಲಿ ಲಾಗಿನ್ ಆಯ್ತು, ಟರ್ಮಿನಲ್ ತೆರೆಯಿತು, ಸಾಕು ಅಂದುಕೊಂಡೆವು.

ಪರೀಕ್ಷೆ ದಿನ ಮೊದಲ ಬ್ಯಾಚ್ ಕೂತು ಹತ್ತು ನಿಮಿಷ ಆಗಿರಬೇಕು, ಮೌಸ್ ಬಾಣ ತಡೆದು ತಡೆದು ಓಡತೊಡಗಿತು. ‘ಸರ್, ನಾ ಟೈಪ್ ಮಾಡಿ ಕುಂತೀನ್ರಿ, ಅಕ್ಷರ ಇನ್ನೂ ಬರಲಿಕತ್ತಾವ ನೋಡ್ರಿ’ ಅಂತ ಒಬ್ಬ ಹುಡುಗಿ ಕರೆದಳು. ಅಷ್ಟರಲ್ಲಿ ಎಲ್ಲಾ ಕ್ಯಾಬಿನೆಟ್‌ಗಳ ಫ್ಯಾನ್ ಜೋರಾಗಿ ಕೂಗುತ್ತಿದ್ದವು. ಹೊರಗೆ 40 ಡಿಗ್ರಿ ದಾಟಿದ ಬಿಸಿಲು. ಒಂದು ಸಿಸ್ಟಂ ತಾನಾಗೇ ಆಫ್ ಆಯ್ತು, ಆಮೇಲೆ ಪಕ್ಕದ್ದು. ಹೊರಗಿನಿಂದ ಬಂದ ಪರೀಕ್ಷಕರು, ಅಂದರೆ ಎಕ್ಸ್‌ಟರ್ನಲ್, ಕುರ್ಚಿಯಿಂದ ಎದ್ದು ನಿಂತರು.

ಬಿಸಿಲಿನದೇ ಕಾಟ ಅಂತ ನನಗೆ ಅನ್ನಿಸಿತು. ಅಟೆಂಡರ್ ಜೊತೆ ಸೇರಿ ಕ್ಯಾಬಿನೆಟ್‌ಗಳ ಪಕ್ಕದ ಮುಚ್ಚಳ ತೆಗೆದೆ. ಸ್ಟಾಫ್ ರೂಮಿನ ಕೂಲರ್ ತಂದು ಸಾಲಿನ ಕಡೆ ತಿರುಗಿಸಿದೆ. ಆಫ್ ಆಗೋದು ನಿಂತಿತು, ಮೌಸ್ ಮಾತ್ರ ಹಾಗೇ ಇತ್ತು. ಮುಂದಿನ ಅನುಮಾನ ರ‍್ಯಾಮ್ ಮೇಲೆ. ಆದರೆ ಫ್ರೀ ಕಮಾಂಡ್ ಕೊಟ್ಟರೆ ಮೆಮೊರಿ ಇನ್ನೂ ಉಳಿದಿತ್ತು, ಸ್ವಾಪ್ (ರ‍್ಯಾಮ್ ಸಾಲದಾಗ ಬಳಸುವ ಡಿಸ್ಕ್ ಜಾಗ) ಮುಟ್ಟೇ ಇರಲಿಲ್ಲ. ಜೀವ ಬಾಯಿಗೆ ಬಂದಿದ್ದು ಆಗಲೇ. ಅಲ್ಲಿಯವರೆಗೆ ಕಾರಣ ಗೊತ್ತಿದೆ ಅನ್ನೋ ಧೈರ್ಯ ಇತ್ತು.

‘ಪರೀಕ್ಷಾ ಮುಂದ ಹಾಕೋಣೇನ್ರಿ?’ ಅಂತ ಎಚ್‌ಒಡಿ ಕೇಳಿದರು. ನಾನು ಉತ್ತರ ಕೊಡದೆ ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ಕಪ್ಪು ಪರದೆಗೆ ಹೋದೆ. ಅಲ್ಲಿ ಅದೇ ಸಿಸ್ಟಂ ಎಷ್ಟು ಚುರುಕು! ಯಾವ ಪ್ರೋಗ್ರಾಂ ಪ್ರೊಸೆಸರನ್ನು ಎಷ್ಟು ತಿನ್ನುತ್ತಿದೆ ಅಂತ ತೋರಿಸುವ ಟಾಪ್ ಕಮಾಂಡ್ ಹಾಕಿದರೆ, ಎಲ್ಲಕ್ಕಿಂತ ಮೇಲೆ ಗ್ನೋಮ್‌ನ ಪರದೆ ಬರೆಯುವ ಗ್ನೋಮ್ ಶೆಲ್, ಪ್ರೊಸೆಸರ್ ಪೂರ್ತಿ ಅದರ ಬಾಯಲ್ಲಿ. ಮಕ್ಕಳ ಸಿ ಪ್ರೋಗ್ರಾಂ ಕಂಪೈಲ್ ಆಗೋಕೆ ಏನೂ ಬೇಕಿರಲಿಲ್ಲ. ಪರದೆ ಬರೆಯೋದಕ್ಕೇ ಸಿಸ್ಟಂ ಸುಸ್ತಾಗಿತ್ತು.

ಸಹೋದ್ಯೋಗಿ ಮೇಡಂ ಹತ್ತಿರ ಒಂದು ಪೆನ್‌ಡ್ರೈವ್ ಇತ್ತು. ಲ್ಯಾಬಿನ ಮೂಲೆಯಲ್ಲಿದ್ದ ಇನ್ನೂ ಹಳೆಯ ಪೆಂಟಿಯಂ 4 ಪಿಸಿಗೆ ಹಾಕಲು ಐಸ್‌ಡಬ್ಲ್ಯೂಎಂ ಅನ್ನೋ ಹಗುರ ವಿಂಡೋ ಮ್ಯಾನೇಜರ್ (ವಿಂಡೋಗಳನ್ನು ನೋಡಿಕೊಳ್ಳುವ ಪ್ರೋಗ್ರಾಂ) ಹುಡುಕುವಾಗ, ಲ್ಯಾಬಿನ ಸಿಸ್ಟಂಗೆ ಹೊಂದುವ ಪ್ಯಾಕೇಜನ್ನೂ ಡೌನ್‌ಲೋಡ್ ಮಾಡಿಟ್ಟಿದ್ದರು. ಮೊದಲು ಎಲ್ಲರಿಗೂ ಫೈಲ್ ಸೇವ್ ಮಾಡಲು ಹೇಳಿದೆವು. ಆ ಸೇವ್ ಕಿಟಕಿ ತೆರೆಯಲು ಹಿಡಿದ ಹೊತ್ತು ನನಗೆ ಇನ್ನೂ ಮರೆತಿಲ್ಲ. ಬರೆದ ಉತ್ತರ ಹೋದರೆ ಆ ಮಕ್ಕಳಿಗೆ ಏನು ಹೇಳೋದು? ಆಮೇಲೆ ಸಾಲಿನಿಂದ ಸಾಲಿಗೆ ಹೋದೆವು. ಗ್ನೋಮ್‌ನ ಲಾಗಿನ್ ನೋಡಿಕೊಳ್ಳುವ ಜಿಡಿಎಂ ನಿಲ್ಲಿಸು, ಪ್ಯಾಕೇಜ್ ಹಾಕು, ಕಪ್ಪು ಪರದೆಯಿಂದಲೇ ಡೆಸ್ಕ್‌ಟಾಪ್ ಶುರು ಮಾಡುವ ಸ್ಟಾರ್ಟ್‌ಎಕ್ಸ್ ಕಮಾಂಡ್ ಕೊಡು. ಬೂದು ಬಣ್ಣದ ಸಾದಾ ಪರದೆ ಬಂತು. ಒತ್ತಿದ ಅಕ್ಷರ ತಕ್ಷಣ ಬಿತ್ತು. ಫ್ಯಾನ್‌ಗಳು ಒಂದೊಂದಾಗಿ ತಣ್ಣಗಾದವು. ಎಕ್ಸ್‌ಟರ್ನಲ್ ಒಳ್ಳೆಯವರು, ಹೋದ ಸಮಯ ಸೇರಿಸಿ ಕೊಟ್ಟರು.

ಸಂಜೆ ಒಂದು ಸಿಸ್ಟಂನಲ್ಲಿ ಮತ್ತೆ ಗ್ನೋಮ್ ಹಚ್ಚಿ, ಗ್ರಾಫಿಕ್ಸ್ ಕೆಲಸ ಯಾವುದು ಮಾಡುತ್ತಿದೆ ಅಂತ ತೋರಿಸುವ ಜಿಎಲ್‌ಎಕ್ಸ್‌ಇನ್ಫೋ ಓಡಿಸಿದೆ. ರೆಂಡರರ್ ಅನ್ನೋ ಸಾಲಿನಲ್ಲಿ ಎಲ್‌ಎಲ್‌ವಿಎಂಪೈಪ್ ಅಂತ ಇತ್ತು. ಅಂದರೆ 3ಡಿ ಡ್ರೈವರ್ ಇಲ್ಲ, ಗ್ರಾಫಿಕ್ಸ್ ಚಿಪ್ಪಿನ ಕೆಲಸವನ್ನು ಪ್ರೊಸೆಸರ್ ಮಾಡುತ್ತಿದೆ. ಲಿನಕ್ಸ್‌ನ 3ಡಿ ಡ್ರೈವರ್‌ಗಳ ಸಂಗ್ರಹವಾದ ಮೆಸಾದ 8.0 ಆವೃತ್ತಿ ಬಂದ 2012ರಲ್ಲೇ ಹಳೆಯ ಹಲವು ಚಿಪ್‌ಗಳ ಡ್ರೈವರ್ ಕೈಬಿಟ್ಟಿದ್ದಾರೆ. 2011ರ ಗ್ನೋಮ್ 3ರಿಂದ ಈಚೆಗೆ ಪರದೆಯೆಲ್ಲ ಓಪನ್‌ಜಿಎಲ್ ಅನ್ನೋ 3ಡಿ ವ್ಯವಸ್ಥೆಯ ಮೂಲಕವೇ ಜೋಡಣೆ ಆಗುತ್ತದೆ. 1280×1024 ಪರದೆಯ ಒಂದು ಪೂರ್ತಿ ಚಿತ್ರ ಸುಮಾರು 5 ಎಂಬಿ. ಸೆಕೆಂಡಿಗೆ 60 ಸಲ ಅಂದರೆ 300 ಎಂಬಿ. ಏಪ್ರಿಲ್ ಬಿಸಿಲಿನಲ್ಲಿ, ಒಣಗಿದ ಥರ್ಮಲ್ ಪೇಸ್ಟ್ ಇಟ್ಟುಕೊಂಡು ಕೋರ್ 2 ಡ್ಯುಯೋ ಇದನ್ನೂ ಮಾಡಬೇಕು ಅಂದರೆ ಬಿಸಿಯಾಗದೇ ಇರುತ್ತದಾ?

ಪರದೆ ಮೇಲೆ ವಿಂಡೋ ತೋರಿಸುವ ಎಕ್ಸ್11 ವ್ಯವಸ್ಥೆ 1987ರಲ್ಲಿ ಬಂದಾಗ ಮೆಮೊರಿ ತುಂಬಾ ದುಬಾರಿ. ಒಂದು ವಿಂಡೋ ಸರಿದರೆ, ಕೆಳಗಿದ್ದ ಪ್ರೋಗ್ರಾಂಗೆ ‘ನಿನ್ನ ಇಷ್ಟು ಭಾಗ ಈಗ ಕಾಣುತ್ತಿದೆ, ಬರೆದುಕೊಡು’ ಅಂತ ಸಂದೇಶ ಹೋಗುತ್ತಿತ್ತು. ಖಾನಾವಳಿಯಲ್ಲಿ ಊಟಕ್ಕೆ ಕೂತವರು ಕೇಳಿದಾಗ ಮಾತ್ರ ರೊಟ್ಟಿ ಬಡಿದ ಹಾಗೆ. ಗ್ನೋಮ್‌ನಲ್ಲಿರುವ ಹಾಗೆ ಪರದೆ ಜೋಡಿಸುವ ಕಾಂಪೊಸಿಟರ್ ಇದ್ದರೆ ಪ್ರತಿ ವಿಂಡೋದ ಪೂರ್ತಿ ಚಿತ್ರ ಮೆಮೊರಿಯಲ್ಲಿ ಸಿದ್ಧ ಇರಬೇಕು, ಅವನ್ನೆಲ್ಲ ಜೋಡಿಸಬೇಕು. ಒಳ್ಳೆ ಚಿಪ್ ಇದ್ದರೆ ಅದು ಸುಲಭ. ಐಸ್‌ಡಬ್ಲ್ಯೂಎಂ, ಓಪನ್‌ಬಾಕ್ಸ್ ಥರದ ಹಗುರ ವಿಂಡೋ ಮ್ಯಾನೇಜರ್‌ಗಳಿಗೆ ಕಾಂಪೊಸಿಟರ್ ಬೇಕೇ ಇಲ್ಲ. ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪೇ ಬೇಕು ಅನ್ನುವವರು ಅದರ ಸೆಟ್ಟಿಂಗ್‌ನಲ್ಲಿ ಕಾಂಪೊಸಿಟಿಂಗ್ ಆಫ್ ಮಾಡಿ ನೋಡಿ, ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ಆಮೇಲೆ ಲ್ಯಾಬನ್ನೆಲ್ಲ ಡೆಬಿಯನ್ ಅನ್ನೋ ಲಿನಕ್ಸ್‌ನ ಸಣ್ಣ ಇನ್‌ಸ್ಟಾಲ್ ಮತ್ತು ಐಸ್‌ಡಬ್ಲ್ಯೂಎಂಗೆ ತಂದೆವು. ಸಣ್ಣ ಇನ್‌ಸ್ಟಾಲ್‌ನಲ್ಲಿ ಕನ್ನಡ ಫೈಲ್ ಹೆಸರು ಬರೀ ಡಬ್ಬಿಗಳಾಗಿ ಕಂಡವು. ಗುಬ್ಬಿ, ನವಿಲು ಫಾಂಟ್ ಹಾಕಿದ ಮೇಲೆ ಸರಿಹೋಯ್ತು, ನೀವು ಮೊದಲೇ ಹಾಕಿಕೊಳ್ಳಿ. ಬ್ರೌಸರ್ ಮಾತ್ರ ಯಾವ ವಿಂಡೋ ಮ್ಯಾನೇಜರ್ ಇದ್ದರೂ ಭಾರವೇ, ಅಲ್ಲಿ 2 ಜಿಬಿ ನಿಜವಾಗಿಯೂ ಸಾಲದು. 32 ಬಿಟ್ಟಿನ ಆ ಪೆಂಟಿಯಂ 4ಕ್ಕೆ ಡೆಬಿಯನ್ 12ರವರೆಗೆ ಮಾತ್ರ ದಾರಿ. 2025ರ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗೆ ಇನ್‌ಸ್ಟಾಲರ್ ಇಲ್ಲ.

ನಮ್ಮ ಸ್ಟಾಕ್ ರಿಜಿಸ್ಟರಿನಲ್ಲಿ ಪ್ರೊಸೆಸರ್, ರ‍್ಯಾಮ್, ಹಾರ್ಡ್‌ಡಿಸ್ಕಿಗೆ ಕಾಲಂ ಇದೆ, ಗ್ರಾಫಿಕ್ಸ್ ಚಿಪ್‌ಗೆ ಇಲ್ಲ. ಸೇರಿಸಿ ಅಂತ ಬರೆದುಕೊಟ್ಟ ಅರ್ಜಿ ಇನ್ನೂ ಆಫೀಸಿನಲ್ಲೇ ಇದೆ. ನಾನು ಎಲ್‌ಎಸ್‌ಪಿಸಿಐ ಕಮಾಂಡ್ ಕೊಟ್ಟಾಗ ಬಂದ ಗ್ರಾಫಿಕ್ಸ್ ಚಿಪ್ಪಿನ ಹೆಸರನ್ನು ಪ್ರತಿ ಸಿಸ್ಟಂನ ಮೇಲೆ ಚೀಟಿ ಅಂಟಿಸಿ ಬರೆದಿದ್ದೇನೆ. ಡೆಸ್ಕ್‌ಟಾಪ್ ಬದಲಿಸಿ ಅಂತ ಈಗ ಯಾರೇ ಬಂದರೂ ಮೊದಲು ಆ ಚೀಟಿ ತೋರಿಸುತ್ತೇನೆ.